ಮರದ ಮೇಲೆ ಬಿಚ್ಚಬೇಕಿಲ್ಲದ ಗಂಟು



ಮಳೆಗಾಲ ಹತ್ತಿರವಾಯಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಕೆಲಸಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಅಡಿಕೆಗೆ ಮದ್ದು ಬಿಡಬೇಕು, ತೋಟಕ್ಕೆ ಸೊಪ್ಪು ತರಬೇಕು, ಮನೆಯ ಮಾಡಿನ ಮೇಲೆ ಚಾಚಿದ ಹಲಸಿನ ಗೆಲ್ಲನ್ನು ಗಾಳಿ ಬರುವ ಮೊದಲೇ ಕಡಿಯಬೇಕು. ಈ ಎಲ್ಲ ಕೆಲಸಕ್ಕೂ ಯಾರಾದರೊಬ್ಬರು ಮರ ಹತ್ತಲೇಬೇಕು. ಹಿಂದೆ ಊರಿಗೆ ನಾಲ್ಕಾರು ಮಂದಿ ಪಳಗಿದವರು ಇರುತ್ತಿದ್ದರು. ಈಗ ಅವರು ಸಿಗುವುದು ಕಷ್ಟ. ಸಿಗದಿದ್ದಾಗ ಮನೆಯ ಯಜಮಾನನೋ ಕಾಲೇಜಿಗೆ ಹೋಗುವ ಮಗನೋ ಮರ ಹತ್ತುತ್ತಾನೆ. ಆದ್ದರಿಂದ ಈ ಸಲದ ಅಂಕಣದಲ್ಲಿ ಗೊಬ್ಬರ, ಮದ್ದುಗಳ ವಿಷಯವನ್ನು ಬದಿಗಿಟ್ಟು ಹಗ್ಗ ಮತ್ತು ಗಂಟಿನ ವಿಷಯ ಬರೆಯುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಕೊನೆಯ ವಾರದಲ್ಲಿ ನಮಗೆ ಒಂದು ಮನೆಯಿಂದ ಕರೆ ಬಂತು. ಸೊಪ್ಪು ಕಡಿಯಲು ಮರ ಹತ್ತಿದ್ದ ಯಜಮಾನರು ಬಿದ್ದಿದ್ದರು. ನಾವು ತಲುಪುವಷ್ಟರಲ್ಲಿ ನೆರೆಯವರು ಅವರನ್ನು ಜೀಪಿಗೆ ಹತ್ತಿಸಿಯಾಗಿತ್ತು. ಜೀವ ಉಳಿಯಿತು. ಆದರೆ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಬಲ ಹೋಯಿತು. ಆಗ ಅವರಿಗೆ ವಯಸ್ಸು ನಲವತ್ತೆರಡು.

ಎರಡು ವಾರಗಳ ನಂತರ ಆಸ್ಪತ್ರೆಯಲ್ಲಿ ಅವರನ್ನು ಕಂಡಾಗ ನಾವು ಕೇಳಿದೆವು: "ಹಗ್ಗ ಕಟ್ಟಿಕೊಂಡಿರಲಿಲ್ಲವೇ?"

"ಕಟ್ಟಿಕೊಂಡಿದ್ದೆ ಫಾದರ್. ಸೊಂಟಕ್ಕೂ ಗೆಲ್ಲಿಗೂ ಕಟ್ಟಿದ್ದೆ. ಮೇಲಿನ ಗೆಲ್ಲಿಗೆ ಹೋಗಬೇಕಿತ್ತು. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ಆವಾಗಲೇ ಕಾಲು ಜಾರಿದ್ದು."

ಈ ಮಾತನ್ನು ನಾವು ಮರೆಯಲಿಲ್ಲ. ಅವರು ಅಜಾಗರೂಕರಲ್ಲ. ಹಗ್ಗ ಬೇಕೆಂದು ಗೊತ್ತಿತ್ತು, ಕಟ್ಟಿಯೂ ಇದ್ದರು. ಆದರೆ ಅವರಿಗೆ ಗೊತ್ತಿದ್ದದ್ದು ನಮಗೆಲ್ಲ ಗೊತ್ತಿರುವ ಗಂಟು. ಅದು ಕಟ್ಟಿದ ಜಾಗದಲ್ಲೇ ಇರುತ್ತದೆ. ಒಂದು ಅಡಿ ಮೇಲೆ ಹೋಗಬೇಕಾದರೂ ಅದನ್ನು ಬಿಚ್ಚಬೇಕು. ಬಿಚ್ಚಿದ ಆ ಅರ್ಧ ನಿಮಿಷ ಮನುಷ್ಯ ಹಗ್ಗವಿಲ್ಲದವನಂತೆಯೇ. ಹಾಗಾದರೆ ಬಿಚ್ಚದೆಯೇ ಮೇಲೆ ಸರಿಸಬಹುದಾದ, ಆದರೆ ಭಾರ ಬಿದ್ದೊಡನೆ ಹಿಡಿದು ನಿಲ್ಲುವ ಗಂಟು ಇದೆಯೇ? ಇದೆ. ಅದನ್ನೇ ಘರ್ಷಣೆಯ ಗಂಟು ಎನ್ನುತ್ತಾರೆ.

ನಮಗೆ ಇದನ್ನು ತೋರಿಸಿಕೊಟ್ಟವನು ನಮ್ಮ ಧರ್ಮಕೇಂದ್ರದವನೇ ಆದ ಒಬ್ಬ ಯುವಕ. ಗಲ್ಫಿನಲ್ಲಿ ಎತ್ತರದ ಕಟ್ಟಡಗಳ ಹೊರಗೆ ಹಗ್ಗದಲ್ಲಿ ಇಳಿದು ಗಾಜು ಒರೆಸುವ ಕೆಲಸ ಅವನದು. ರಜೆಯಲ್ಲಿ ಬಂದವನನ್ನು ಕೇಳಿಕೊಂಡಾಗ ನಾಲ್ಕು ಭಾನುವಾರ ಇಗರ್ಜಿಯ ಅಂಗಳದ ಮಾವಿನ ಮರಕ್ಕೆ ಹಗ್ಗ ಹಾಕಿ ಇಪ್ಪತ್ತು ಮಂದಿಗೆ ಕಲಿಸಿದ. ಅಲ್ಲಿ ಕಂಡದ್ದು, ಕಲಿತದ್ದು, ಮತ್ತೆ ಓದಿ ತಿಳಿದದ್ದನ್ನು ಇಲ್ಲಿ ಕೊಡುತ್ತೇವೆ.

ಎತ್ತು ಮತ್ತು ಕಂಬ

ಘರ್ಷಣೆಯ ಗಂಟಿನ ಗುಟ್ಟು ನಮ್ಮ ಹಟ್ಟಿಯಲ್ಲೇ ಇದೆ. ಎಳೆದಾಡುವ ಎತ್ತಿನ ಹಗ್ಗವನ್ನು ಬರಿಗೈಯಲ್ಲಿ ಹಿಡಿದರೆ ಗಂಡಾಳೂ ಮುಗ್ಗರಿಸುತ್ತಾನೆ. ಅದೇ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ತುದಿ ಹಿಡಿದರೆ ಹತ್ತು ವರ್ಷದ ಮಗುವೂ ಎತ್ತನ್ನು ನಿಲ್ಲಿಸುತ್ತದೆ. ಹಗ್ಗ ಕಂಬವನ್ನು ಒತ್ತಿದಷ್ಟೂ ಉಜ್ಜುವಿಕೆ ಹೆಚ್ಚುತ್ತದೆ, ಉಜ್ಜುವಿಕೆ ಹೆಚ್ಚಿದಷ್ಟೂ ಕೈಗೆ ಬರುವ ಎಳೆತ ಕಡಿಮೆಯಾಗುತ್ತದೆ.

ಇದರ ಲೆಕ್ಕವನ್ನು ಹದಿನೆಂಟನೆಯ ಶತಮಾನದಲ್ಲೇ ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞ ಹಾಕಿದ್ದ. ಆ ಸೂತ್ರದ ಪ್ರಕಾರ ಘರ್ಷಣೆಯ ಗುಣಾಂಕ 0.3 ಎಂದು ಹಿಡಿದರೆ, ಒಂದು ಪೂರ್ತಿ ಸುತ್ತಿಗೆ ಒಂದು ಕಿಲೋ ಎಳೆತ ಸುಮಾರು 6.6 ಕಿಲೋ ಭಾರವನ್ನು ತಡೆಯುತ್ತದೆ. ಎರಡು ಸುತ್ತಿಗೆ 43 ಕಿಲೋ. ಮೂರು ಸುತ್ತಿಗೆ ಸುಮಾರು 285 ಕಿಲೋ. ಸುತ್ತು ಒಂದೊಂದೇ ಹೆಚ್ಚಿದರೂ ಹಿಡಿತ ಪಟ್ಟು ಪಟ್ಟಾಗಿ ಏರುತ್ತದೆಂಬುದನ್ನು ಗಮನಿಸಿ.

ಘರ್ಷಣೆಯ ಗಂಟಿನಲ್ಲಿ ಕಂಬದ ಜಾಗದಲ್ಲಿ ಇರುವುದು ಮೇಲಿನಿಂದ ಇಳಿಬಿಟ್ಟ ದಪ್ಪ ಹಗ್ಗ. ಅದಕ್ಕೆ ತೆಳ್ಳಗಿನ ಹಗ್ಗದ ಒಂದು ಬಳೆಯನ್ನು ಹಲವು ಸುತ್ತು ಸುತ್ತುತ್ತಾರೆ. ಬಳೆಗೆ ಭಾರ ಬಿದ್ದಾಗ ಸುತ್ತುಗಳು ದಪ್ಪ ಹಗ್ಗವನ್ನು ಹಿಂಡಿ ಹಿಡಿಯುತ್ತವೆ. ಭಾರ ತೆಗೆದು ಸುತ್ತುಗಳನ್ನು ಕೈಯಿಂದ ಸ್ವಲ್ಪ ಸಡಿಲಿಸಿದರೆ ಮೇಲೆ ಕೆಳಗೆ ಸರಿಯುತ್ತವೆ. ಅಂಗಳದಲ್ಲಿ ಇದನ್ನು ಕಂಡ ಹುಡುಗನೊಬ್ಬ "ಇದು ಉಡದ ಪಟ್ಟು" ಎಂದ. ಅಂದಿನಿಂದ ನಮ್ಮಲ್ಲಿ ಇದಕ್ಕೆ ಉಡದ ಗಂಟು ಎಂದೇ ಹೆಸರು.

ಸಂಗೀತದ ಮೇಷ್ಟ್ರ ಗಂಟು

ಈ ಜಾತಿಯ ಗಂಟುಗಳಲ್ಲಿ ಎಲ್ಲರಿಗಿಂತ ಹೆಚ್ಚು ಹೆಸರು ಮಾಡಿದ್ದು ಪ್ರೂಸಿಕ್ ಗಂಟು. ಕಾರ್ಲ್ ಪ್ರೂಸಿಕ್ ಆಸ್ಟ್ರಿಯಾ ದೇಶದವರು, ಸಂಗೀತ ಕಲಿಸುವ ಮೇಷ್ಟ್ರು, ಜೊತೆಗೆ ಪರ್ವತಾರೋಹಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅವರು ವಾದ್ಯಗಳ ತುಂಡಾದ ತಂತಿಗಳನ್ನು ಇಂಥ ಗಂಟಿನಿಂದ ಸರಿಪಡಿಸುತ್ತಿದ್ದರೆಂದು ಹೇಳುವುದುಂಟು. 1931ರಲ್ಲಿ ಅವರು ಇದನ್ನು ಆಸ್ಟ್ರಿಯಾದ ಪರ್ವತಾರೋಹಣದ ಪತ್ರಿಕೆಯೊಂದರಲ್ಲಿ ಚಿತ್ರಸಹಿತ ಪ್ರಕಟಿಸಿದರು. ಹಿಮದ ಬಿರುಕಿಗೆ ಬಿದ್ದು ಹಗ್ಗದಲ್ಲಿ ನೇತಾಡುವವನು ಬೇರೆಯವರು ಎಳೆಯುವವರೆಗೆ ಕಾಯದೆ, ಜೇಬಿನಲ್ಲಿರುವ ಎರಡು ತುಂಡು ದಾರದಿಂದಲೇ ಆ ಹಗ್ಗವನ್ನು ಹತ್ತಿ ಬರುವುದು ಇದರಿಂದ ಸಾಧ್ಯವಾಯಿತು. 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜೂಸಿ ಮತ್ತು ಮಾರ್ಟಿ ಎಂಬ ಇಬ್ಬರು ಇದೇ ಕೆಲಸಕ್ಕೆ ಲೋಹದ ಸಾಧನ ಮಾಡಿದರು. ಇಬ್ಬರ ಹೆಸರನ್ನೂ ಸೇರಿಸಿ ಅದಕ್ಕೆ ಜುಮಾರ್ ಎಂದು ಹೆಸರಿಟ್ಟರು. ಆದರೂ ಇಂದಿಗೂ ಪರ್ವತಾರೋಹಿಗಳ ಸೊಂಟದಲ್ಲಿ ಪ್ರೂಸಿಕ್ ದಾರ ಇದ್ದೇ ಇರುತ್ತದೆ.

ಮರಗೆಲಸದವರು ಇದೇ ಕುಟುಂಬದ ಬೇರೆ ಗಂಟನ್ನು ಹೆಚ್ಚು ಬಳಸುತ್ತಾರೆ. ಅದನ್ನು 1994ರಲ್ಲಿ ಜೇಸನ್ ಬ್ಲೇಕ್ ಎಂಬವರು ಅಮೆರಿಕದ ಮರಗೆಲಸದ ಪತ್ರಿಕೆಯೊಂದಕ್ಕೆ ಬರೆದು ತಿಳಿಸಿದ್ದರಿಂದ ಬ್ಲೇಕ್ ಗಂಟು ಎಂದು ಹೆಸರಾಯಿತು. ಅದಕ್ಕೂ ಮೊದಲೇ ಆಸ್ಟ್ರಿಯಾದ ಹೈನ್ಸ್ ಪ್ರೊಹಾಸ್ಕಾ ಅದನ್ನು ಪ್ರಕಟಿಸಿದ್ದರು. ಕಲಿಯುವವರಿಗೆ ಸುಲಭ ಪ್ರೂಸಿಕ್. ಆದ್ದರಿಂದ ಅದನ್ನೇ ವಿವರಿಸುತ್ತೇವೆ.

ಕಟ್ಟುವ ಕ್ರಮ

ಮೊದಲು ಬಳೆ ಮಾಡಿಕೊಳ್ಳಬೇಕು. 6 ಮಿಲ್ಲಿಮೀಟರ್ ದಪ್ಪದ, ಪರ್ವತಾರೋಹಣಕ್ಕೆಂದೇ ಮಾಡಿದ ನೈಲಾನ್ ದಾರ ಒಂದೂವರೆ ಮೀಟರ್ ಬೇಕು. ಅದರ ಎರಡು ತುದಿಗಳನ್ನು ಎದುರುಬದುರಾಗಿ ಅಕ್ಕಪಕ್ಕ ಇಡಿ. ಒಂದು ತುದಿಯನ್ನು ಎರಡೂ ಎಳೆಗಳ ಸುತ್ತ ಎರಡು ಬಾರಿ ಸುತ್ತಿ, ಆ ಸುತ್ತುಗಳ ಒಳಗಿನಿಂದಲೇ ತೂರಿಸಿ ಎಳೆಯಿರಿ. ಇನ್ನೊಂದು ತುದಿಗೂ ಹಾಗೆಯೇ ಮಾಡಿ. ಈಗ ಬಳೆಯನ್ನು ಎಳೆದರೆ ಎರಡು ಗಂಟುಗಳೂ ಜಾರಿ ಬಂದು ಒಂದಕ್ಕೊಂದು ಅಂಟಿ ಕೂರುತ್ತವೆ. ಇದು ಜೋಡಿ ಮೀನುಗಾರರ ಗಂಟು. ತುದಿಗಳು ಮೂರು ಇಂಚಿಗಿಂತ ಕಡಿಮೆ ಉಳಿಯಬಾರದು.

ಇನ್ನು ಉಡದ ಗಂಟು. ಬಳೆಯನ್ನು ದಪ್ಪ ಹಗ್ಗದ ಹಿಂದೆ ಅಡ್ಡಲಾಗಿ ಹಿಡಿಯಿರಿ. ಜೋಡಣೆಯ ಗಂಟು ಇರುವ ಬದಿಯನ್ನು ಹಗ್ಗದ ಮುಂದೆ ತಂದು ಬಳೆಯ ಇನ್ನೊಂದು ಬದಿಯ ಒಳಗಿನಿಂದ ತೂರಿಸಿ. ಬಿಗಿಯದೆ ಅದನ್ನೇ ಮತ್ತೆ ಹಗ್ಗಕ್ಕೆ ಸುತ್ತಿ ಒಳಗಿನಿಂದ ತೂರಿಸಿ. ಮೂರನೆಯ ಸಲವೂ ಹಾಗೆಯೇ. ಪ್ರತಿ ಹೊಸ ಸುತ್ತು ಹಿಂದಿನ ಸುತ್ತುಗಳ ನಡುವೆ ಬರಬೇಕು. ನಂತರ ನಿಧಾನವಾಗಿ ಎಳೆದು ಕೂರಿಸಿ. ಸರಿಯಾಗಿ ಬಂದಿದ್ದರೆ ಮೇಲೆ ಮೂರು, ಕೆಳಗೆ ಮೂರು ಸುತ್ತು ಕಾಣುತ್ತದೆ. ಅವುಗಳನ್ನು ಅಡ್ಡಲಾಗಿ ತಬ್ಬಿಕೊಂಡ ಒಂದು ಸೇತುವೆಯ ಕೆಳಗಿನಿಂದ ಬಳೆ ಹೊರಗೆ ಬಂದಿರುತ್ತದೆ.

ಇಲ್ಲಿ ಮೂರು ವಿಷಯ ನೋಡಬೇಕು. ಸುತ್ತುಗಳು ಒಂದರ ಮೇಲೊಂದು ಹತ್ತಿರಬಾರದು, ಬೈಹುಲ್ಲಿನ ಹಗ್ಗ ಸುತ್ತಿಟ್ಟ ಹಾಗೆ ಅಚ್ಚುಕಟ್ಟಾಗಿ ಪಕ್ಕಪಕ್ಕದಲ್ಲಿ ಕೂತಿರಬೇಕು. ಜೋಡಣೆಯ ಗಂಟು ಸುತ್ತುಗಳ ಒಳಗೂ ಬರಬಾರದು, ಕೊಕ್ಕೆಯ ಮೇಲೂ ಕೂರಬಾರದು, ನಡುವೆ ಎಲ್ಲಾದರೂ ಇರಬೇಕು. ಕೊನೆಯದಾಗಿ, ಕಟ್ಟಿದ ಪ್ರತಿಸಲವೂ ನೆಲದಲ್ಲಿ ನಿಂತೇ ಇಡೀ ದೇಹದ ಭಾರ ಹಾಕಿ ನೋಡಬೇಕು. ಜಾರಿದರೆ ಇನ್ನೊಂದು ಸುತ್ತು ಹೆಚ್ಚಿಸಬೇಕು. ಒದ್ದೆ ಹಗ್ಗ ಮತ್ತು ಮಣ್ಣು ಮೆತ್ತಿದ ಹಗ್ಗಗಳಲ್ಲಿ ಹಿಡಿತ ಕಡಿಮೆ.

ಹತ್ತುವ ಕ್ರಮ

ಹತ್ತಲು ಎರಡು ಬಳೆ ಬೇಕು. ಮೇಲಿನದು ಸೊಂಟಕ್ಕೆ, ಕೆಳಗಿನದು ಕಾಲಿಗೆ. ಕಾಲಿನ ಬಳೆ ಉದ್ದ ಇರಬೇಕು. ಸೊಂಟದ ಬಳೆಯಲ್ಲಿ ಕುಳಿತು ಭಾರ ಬಿಡಿ. ಆಗ ಕಾಲಿನ ಗಂಟಿಗೆ ಭಾರವಿಲ್ಲ, ಅದನ್ನು ಒಂದಡಿ ಮೇಲೆ ದೂಡಿ. ಕಾಲಿನ ಬಳೆಯಲ್ಲಿ ಎದ್ದು ನಿಲ್ಲಿ. ಈಗ ಸೊಂಟದ ಗಂಟಿಗೆ ಭಾರವಿಲ್ಲ, ಅದನ್ನು ಮೇಲೆ ದೂಡಿ ಮತ್ತೆ ಕುಳಿತುಕೊಳ್ಳಿ. ಹೀಗೆ ಕೂತು ನಿಂತು, ಕೂತು ನಿಂತು ಹೋಗುವುದು. ನಲವತ್ತು ಅಡಿಗೆ ನಲವತ್ತು ಸಲವಾದರೂ ಬೇಕು. ಅವಸರದವರಿಗೆ ಇದು ಹೇಳಿದ್ದಲ್ಲ. ಆದರೆ ಒಂದು ಕ್ಷಣವೂ ನೀವು ಹಗ್ಗದಿಂದ ಬೇರೆಯಾಗುವುದಿಲ್ಲ. ಆಸ್ಪತ್ರೆಯಲ್ಲಿ ನಾವು ಕೇಳಿದ ಆ ಮಾತಿಗೆ ಉತ್ತರ ಇದು.

ಹಗ್ಗ ಹಾಕುವ ಗೆಲ್ಲು ಜೀವಂತವಾಗಿರಬೇಕು, ತೊಡೆಯಷ್ಟು ಗಾತ್ರ ಇರಬೇಕು, ಹಗ್ಗ ಕಾಂಡಕ್ಕೆ ಹತ್ತಿರದ ಕವಲಿನಲ್ಲೇ ಕೂರಬೇಕು. ತೆಳು ಹಗ್ಗಕ್ಕೆ ಮರಳಿನ ಸಣ್ಣ ಚೀಲ ಕಟ್ಟಿ ಕವಲಿನ ಮೇಲಿಂದ ಎಸೆದು, ಅದರ ಹಿಂದೆ ದಪ್ಪ ಹಗ್ಗವನ್ನು ಎಳೆದುಕೊಳ್ಳಬಹುದು. ದಪ್ಪ ಹಗ್ಗದ ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಕಟ್ಟುವುದಾದರೆ ಒಂದು ಲೆಕ್ಕ ನೆನಪಿರಲಿ. ಆಗ ಗೆಲ್ಲಿನ ಮೇಲೆ ಬೀಳುವುದು ನಿಮ್ಮ ಭಾರವಲ್ಲ, ಅದರ ಎರಡರಷ್ಟು. ಹಗ್ಗದ ಎರಡೂ ಬದಿ ಕೆಳಗೆ ಎಳೆಯುವುದರಿಂದ 70 ಕಿಲೋ ಮನುಷ್ಯ ಗೆಲ್ಲಿಗೆ 140 ಕಿಲೋ ಆಗುತ್ತಾನೆ. ಆದ್ದರಿಂದ ಹತ್ತುವ ಮೊದಲು ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತು ಬಿದ್ದು ಪರೀಕ್ಷಿಸಬೇಕು. ಒಣಗಿದ ಗೆಲ್ಲು, ಗೆದ್ದಲು ಹಿಡಿದ ಗೆಲ್ಲು, ಬಂದಳಿಕೆ ತುಂಬಿದ ಗೆಲ್ಲುಗಳ ಮೇಲೆ ಹಗ್ಗ ಹಾಕಲೇಬಾರದು.

ಮೇಲೆ ತಲುಪಿ ಕತ್ತಿ ಕೈಗೆತ್ತಿಕೊಳ್ಳುವ ಮೊದಲು ಇನ್ನೊಂದು ಸಣ್ಣ ಹಗ್ಗದಿಂದ ಕಾಂಡಕ್ಕೆ ಕಟ್ಟಿಕೊಳ್ಳಬೇಕು. ಕತ್ತಿ ಜಾರಿ ಒಂದು ಹಗ್ಗ ತುಂಡಾದರೂ ಇನ್ನೊಂದು ಇರುತ್ತದೆ. ಬೇರೆ ಗೆಲ್ಲಿಗೆ ಹೋಗುವಾಗಲೂ ಅದೇ ನಿಯಮ: ಒಂದನ್ನು ಬಿಚ್ಚುವ ಮೊದಲು ಇನ್ನೊಂದು ಕಟ್ಟಿರಬೇಕು.

ನಾವೇ ಜಾರಿ ಬಿದ್ದ ಕತೆ

ಎರಡನೆಯ ಭಾನುವಾರ ಹುಡುಗರು "ಫಾದರ್, ನೀವೂ ಒಮ್ಮೆ ನೋಡಿ" ಎಂದು ಒತ್ತಾಯಿಸಿದರು. ನಿಲುವಂಗಿ ತೆಗೆದಿಟ್ಟು ಪಟ್ಟಿ ಕಟ್ಟಿಕೊಂಡೆವು. ನಾಲ್ಕಡಿ ಹತ್ತಿದ್ದೂ ಆಯಿತು. ಅಲ್ಲಿ ಗಂಟು ತುಸು ಜಾರಿದಂತೆ ಅನಿಸಿತು. ಎದೆ ಝಲ್ಲೆಂದಿತು. ತಟ್ಟನೆ ಎರಡೂ ಕೈಗಳಿಂದ ಗಂಟನ್ನೇ ಬಿಗಿಯಾಗಿ ಹಿಡಿದುಕೊಂಡೆವು. ಮರುಕ್ಷಣ ಕೆಳಗೆ ಹಾಸಿದ್ದ ಬೈಹುಲ್ಲಿನ ಮೇಲೆ ಕುಳಿತಿದ್ದೆವು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಕಲಿಸುತ್ತಿದ್ದ ಯುವಕ ಮಾತ್ರ ನಗಲಿಲ್ಲ.

"ಇದನ್ನೇ ಎಲ್ಲರೂ ನೋಡಬೇಕೆಂದಿದ್ದೆ ಫಾದರ್," ಎಂದ. "ಹೆದರಿದಾಗ ಕೈ ತಾನಾಗಿ ಗಂಟಿಗೆ ಹೋಗುತ್ತದೆ. ಕೈ ಹಿಡಿದರೆ ಗಂಟು ಹಿಡಿಯುವುದಿಲ್ಲ. ಜಾರಿತೆಂದು ಕಂಡರೆ ಕೈ ಬಿಡಬೇಕು."

ಕಾರಣ ಸರಳ. ಭಾರ ಬಿದ್ದು ಸುತ್ತುಗಳು ಹಗ್ಗವನ್ನು ಹಿಂಡಬೇಕು. ಮೇಲಿನಿಂದ ಅಂಗೈ ಒತ್ತಿ ಸುತ್ತುಗಳನ್ನು ಒಟ್ಟಿಗೆ ಕೆಳಗೆ ದೂಡಿದರೆ ಅವು ಹಿಂಡಲಾರವು, ಇಡೀ ಗಂಟೇ ಕೈಯ ಜೊತೆ ಜಾರುತ್ತದೆ. ಹೀಗೆ ಮನುಷ್ಯನನ್ನು ಉಳಿಸಬೇಕಾದ ಗಂಟನ್ನು ಅವನ ಹೆದರಿಕೆಯೇ ಕೆಲಸ ಮಾಡದಂತೆ ತಡೆಯುತ್ತದೆ. ಕೈ ಬಿಡುವುದು ನಮ್ಮ ಸ್ವಭಾವಕ್ಕೆ ವಿರುದ್ಧ. ಪುಸ್ತಕ ಓದಿ ಅದು ಬರುವುದಿಲ್ಲ. ಎರಡಡಿ ಎತ್ತರದಲ್ಲಿ ಇಪ್ಪತ್ತು ಮೂವತ್ತು ಸಲ ಬೇಕೆಂದೇ ಜಾರಿಸಿ, ಕೈ ಬಿಟ್ಟು, ಗಂಟು ಹಿಡಿಯುವುದನ್ನು ಮೈಯೇ ಕಲಿಯಬೇಕು. ಅಷ್ಟು ಕಲಿಯದವರು ಮೇಲೆ ಹೋಗಬಾರದು.

ಇದರ ಜೊತೆಗೆ ಇನ್ನೊಂದು ಎಚ್ಚರಿಕೆ. ಘರ್ಷಣೆಯ ಗಂಟು ನಿಧಾನದ ಭಾರವನ್ನು ಚೆನ್ನಾಗಿ ಹಿಡಿಯುತ್ತದೆ. ಮೇಲಿನಿಂದ ರಭಸವಾಗಿ ಬೀಳುವ ಭಾರಕ್ಕೆ ಅದು ಮಾಡಿದ್ದಲ್ಲ. ಜೋರಾಗಿ ಜಾರಿದರೆ ಉಜ್ಜಿದ ಬಿಸಿಗೆ ದಾರ ಕರಗಬಹುದು. ಆದ್ದರಿಂದ ಗಂಟು ಯಾವಾಗಲೂ ಸೊಂಟಕ್ಕಿಂತ ಮೇಲಿರಬೇಕು, ಹಗ್ಗ ಸಡಿಲ ಬಿಡಬಾರದು. ಹತ್ತುವಾಗ ಪ್ರತಿ ಹತ್ತಡಿಗೊಮ್ಮೆ ನಿಮ್ಮ ಕೆಳಗಿನ ಹಗ್ಗದಲ್ಲಿ ಒಂದು ಕುಣಿಕೆ ಹಾಕಿ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡರೆ, ಎರಡು ಗಂಟುಗಳೂ ಕೈಕೊಟ್ಟರೂ ಆ ಕುಣಿಕೆ ನೆಲಕ್ಕೆ ಬೀಳಲು ಬಿಡದು.

ಯಾವ ಹಗ್ಗ?

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ತೆಂಗಿನ ನಾರಿನ ಹಗ್ಗ ಮತ್ತು ಅಂಗಡಿಯ ಹಳದಿ, ನೀಲಿ ಪ್ಲಾಸ್ಟಿಕ್ ಹಗ್ಗ. ಈ ಕೆಲಸಕ್ಕೆ ಎರಡೂ ಆಗದು. ನಾರಿನ ಹಗ್ಗ ಎಷ್ಟು ಭಾರ ತಡೆಯುವುದೆಂದು ನಂಬಲಾಗದು, ಒಳಗೊಳಗೇ ಕುಂಬಾಗುತ್ತದೆ. ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನ್‌ನದು. ಅದು ಜಾರುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ, ಸುಮಾರು 160 ಡಿಗ್ರಿ ಬಿಸಿಗೇ ಕರಗುತ್ತದೆ. ನೈಲಾನ್ ಕರಗಲು 200 ಡಿಗ್ರಿಗಿಂತ ಹೆಚ್ಚು ಬೇಕು.

ಒಳಗೆ ತಿರುಳು, ಹೊರಗೆ ನೇಯ್ದ ಹೊದಿಕೆ ಇರುವ, ಹೆಚ್ಚು ಹಿಗ್ಗದ 11 ಮಿಲ್ಲಿಮೀಟರ್ ಹಗ್ಗವೇ ಬೇಕು. ಬಳೆಯ ದಾರ ಮುಖ್ಯ ಹಗ್ಗಕ್ಕಿಂತ ತೆಳ್ಳಗಿರಬೇಕು. ಎರಡೂ ಒಂದೇ ದಪ್ಪವಾದರೆ ಗಂಟು ಕಚ್ಚುವುದಿಲ್ಲ. ತೀರಾ ತೆಳ್ಳಗಾದರೆ ಕಚ್ಚಿದ್ದನ್ನು ಬಿಡಿಸಲಾಗದು, ಶಕ್ತಿಯೂ ಸಾಲದು. 11 ಮಿಲ್ಲಿಮೀಟರಿಗೆ 6 ಅಥವಾ 7 ಮಿಲ್ಲಿಮೀಟರ್ ಸರಿ. ಒಳ್ಳೆಯ 6 ಮಿಲ್ಲಿಮೀಟರ್ ದಾರ ಹೊಸದಿದ್ದಾಗ ಸುಮಾರು 700 ಕಿಲೋ ತಡೆಯುತ್ತದೆ. ಗಂಟು ಹಾಕಿದಾಗ, ಹಳೆಯದಾದಾಗ ಅದು ಇಳಿಯುತ್ತದೆ. ದಾರದ ಮೈ ಗಾಜಿನಂತೆ ಮಿನುಗಿ ಗಟ್ಟಿಯಾಗಿದ್ದರೆ ಅದು ಬಿಸಿಗೆ ಕರಗಿದ ಗುರುತು. ಅಂಥದನ್ನು ಕತ್ತರಿಸಿ ಬಿಸಾಡಿ, ಇಲ್ಲದಿದ್ದರೆ ಯಾರಾದರೂ ಮತ್ತೆ ಎತ್ತಿಕೊಳ್ಳುತ್ತಾರೆ. ಹಗ್ಗವನ್ನು ಮೈಲುತುತ್ತು, ಬ್ಯಾಟರಿ ನೀರು, ಸೀಮೆಎಣ್ಣೆ ಇಟ್ಟ ಕೋಣೆಯಲ್ಲಿ ಇಡಬೇಡಿ.

ಅಡಿಕೆ, ತೆಂಗಿಗೆ ಇದು ಆಗುವುದೇ?

ಮೂರನೆಯ ಭಾನುವಾರ ಹಿರಿಯರೊಬ್ಬರು ಬದಿಯಲ್ಲಿ ನಿಂತು ನೋಡುತ್ತಿದ್ದರು. ನಲವತ್ತು ವರ್ಷ ಅಡಿಕೆ ಮರ ಹತ್ತಿದವರು. "ಫಾದರ್, ಇದೆಲ್ಲ ಹಲಸಿಗೆ, ಮಾವಿಗೆ ಆದೀತು. ಕಂಗಿಗೆ ಎಲ್ಲಿಗೆ ಹಗ್ಗ ಹಾಕುತ್ತೀರಿ?" ಎಂದು ಕೇಳಿದರು. ಅವರ ಪ್ರಶ್ನೆ ನೂರಕ್ಕೆ ನೂರು ಸರಿ. ಅಡಿಕೆ ಮರಕ್ಕೆ ಕವಲಿಲ್ಲ, ಸೋಗೆ ಭಾರ ತಡೆಯುವುದಿಲ್ಲ. ಮೇಲಿಂದ ಹಗ್ಗ ಇಳಿಬಿಡುವ ಕ್ರಮ ಅಲ್ಲಿ ನಡೆಯದು.

ಆದರೆ ತತ್ವ ಅಲ್ಲೂ ಅದೇ. ಕಾಲಿನ ತಳೆ ಮರವನ್ನು ಹಿಡಿಯುವುದೂ ಘರ್ಷಣೆಯಿಂದಲೇ. ಕಣ್ಣೂರು ಜಿಲ್ಲೆಯ ಚೆಂಬೇರಿ ಮಾದರಿಯ ತೆಂಗಿನ ಮರ ಹತ್ತುವ ಯಂತ್ರವನ್ನು ನೀವು ನೋಡಿರಬಹುದು. ಅದರ ಉಕ್ಕಿನ ಹಗ್ಗದ ಬಳೆ ಮೆಟ್ಟಿದಾಗ ಮರವನ್ನು ಕಚ್ಚುತ್ತದೆ, ಕಾಲೆತ್ತಿದಾಗ ಸಡಿಲವಾಗಿ ಮೇಲೆ ಸರಿಯುತ್ತದೆ. ಅದು ಉಡದ ಗಂಟಿನ ಅಣ್ಣನೇ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿ ಆರಂಭಿಸಿ ಯುವಕ ಯುವತಿಯರಿಗೆ ಯಂತ್ರದಲ್ಲಿ ಹತ್ತಲು ಕಲಿಸಿತು. ಯಂತ್ರ ಬಳಸುವವರು ಅದರ ಜೊತೆಗೆ ಸೊಂಟದಿಂದ ಮರಕ್ಕೆ ಸುತ್ತಿದ ಇನ್ನೊಂದು ಸುರಕ್ಷಾ ಹಗ್ಗವನ್ನು ಬಿಡದೆ ಹಾಕಬೇಕು. ಆ ಹಗ್ಗದ ಉದ್ದವನ್ನು ಮರದ ಗಾತ್ರಕ್ಕೆ ಸರಿಯಾಗಿ ಹೆಚ್ಚು ಕಡಿಮೆ ಮಾಡಲು ಪ್ರೂಸಿಕ್ ಗಂಟು ಬಹಳ ಚೆನ್ನಾಗಿ ಒದಗುತ್ತದೆ. ಮರದ ಮೇಲೇ ಒಂದು ಕೈಯಿಂದ ಸರಿಸಬಹುದು, ಬಿಚ್ಚಬೇಕಾಗಿಲ್ಲ.

ಕುಡ್ಲುವಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ, ನಿಮ್ಮ ಪಂಚಾಯತಿನ ಕೃಷಿಭವನದಲ್ಲಿ ಇಂಥ ತರಬೇತಿಯ ವಿಷಯ ವಿಚಾರಿಸಿ. ತೆಂಗು ಹತ್ತುವವರಿಗಿರುವ ಕೇರ ಸುರಕ್ಷಾ ವಿಮೆಯ ವಿಷಯವನ್ನೂ ಅಲ್ಲಿ ಕೇಳಿ. ಅಡಿಕೆಗೆ ಈಗ ನೆಲದಲ್ಲೇ ನಿಂತು ಕೊಯ್ಯುವ, ಮದ್ದು ಬಿಡುವ ಉದ್ದದ ಫೈಬರ್ ದೋಟಿಗಳು ಬಂದಿವೆ. ಮರ ಹತ್ತದೆ ಆಗುವ ಕೆಲಸಕ್ಕೆ ಹತ್ತದಿರುವುದೇ ಒಳ್ಳೆಯದು. ಆದರೆ ಕಾರ್ಬನ್ ಫೈಬರ್ ದೋಟಿಯಲ್ಲೂ ಅಲ್ಯೂಮಿನಿಯಂ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ತಂತಿಯ ಹತ್ತಿರ ಎತ್ತಬೇಡಿ.

ಆರೋಗ್ಯದ ಮಾತು

ಮೊದಲನೆಯದು, ಬರೀ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತಬೇಡಿ. ಹಾಗೆ ಜೋತುಬಿದ್ದವನ ಹೊಟ್ಟೆ, ಎದೆಗಳು ಒತ್ತಿಹೋಗಿ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಬಹುದು. ಸೊಂಟಕ್ಕೂ ಎರಡು ತೊಡೆಗಳಿಗೂ ಪಟ್ಟಿ ಇರುವ ಹಾರ್ನೆಸ್ ಬೇಕು. ತಲೆಗೆ ಹೆಲ್ಮೆಟ್ ಬೇಕು.

ಎರಡನೆಯದು, ಹಾರ್ನೆಸ್ ಇದ್ದರೂ ಅಲುಗಾಡದೆ ನೇತಾಡುವುದು ಅಪಾಯ. ಕಾಲುಗಳಲ್ಲಿ ರಕ್ತ ನಿಂತು, ತಲೆಗೆ ಸಾಲದೆ, ಆರೋಗ್ಯವಂತನೂ ಸ್ವಲ್ಪ ಹೊತ್ತಿನಲ್ಲೇ ಎಚ್ಚರ ತಪ್ಪಬಹುದು. ಸಿಕ್ಕಿಹಾಕಿಕೊಂಡವನು ಕಾಲಿನ ಬಳೆಯಲ್ಲಿ ಆಗಾಗ ಎದ್ದು ನಿಲ್ಲಬೇಕು, ಕಾಲು ಆಡಿಸುತ್ತಿರಬೇಕು. ಕೆಳಗಿನವರು ಬೇಗ ಇಳಿಸಬೇಕು. ಇಳಿಸಿದ ನಂತರ ಮಲಗಿಸಬಾರದು ಎಂಬ ಮಾತು ಹಿಂದೆ ಇತ್ತು. 2009ರಲ್ಲಿ ಬ್ರಿಟನ್ನಿನ ಸುರಕ್ಷತಾ ಇಲಾಖೆ ಮಾಡಿಸಿದ ಪರಿಶೀಲನೆಯ ನಂತರ ಆ ಮಾತನ್ನು ಕೈಬಿಡಲಾಗಿದೆ. ಅಂಗಾತ ಮಲಗಿಸಿ ಸಾಮಾನ್ಯ ಪ್ರಥಮ ಚಿಕಿತ್ಸೆಯನ್ನೇ ಕೊಡಬೇಕು.

ಮೂರನೆಯದು, ಯಾರು ಹತ್ತಬಾರದು? ಮೂರ್ಛೆರೋಗ ಇರುವವರು, ತಲೆ ತಿರುಗುವವರು, ರಕ್ತದೊತ್ತಡದ ಮಾತ್ರೆ ಬದಲಾಯಿಸಿದ ಹೊಸತರಲ್ಲಿರುವವರು, ಇನ್ಸುಲಿನ್ ತೆಗೆದುಕೊಂಡು ಗಂಜಿ ಉಣ್ಣದೆ ಹೊರಟವರು ಹತ್ತಬಾರದು. ಕುಡಿದವರ ವಿಷಯ ಹೇಳಬೇಕಾಗಿಲ್ಲ. ಆದರೆ ಹಿಂದಿನ ರಾತ್ರಿ ಕುಡಿದವರ ಕೈಕಾಲುಗಳೂ ಬೆಳಿಗ್ಗೆ ಸ್ಥಿಮಿತದಲ್ಲಿರುವುದಿಲ್ಲ ಎಂಬುದನ್ನು ಹೇಳಲೇಬೇಕು. ಮನೆಯ ಹೆಂಗಸರು ಇದನ್ನು ಕಂಡರೆ ಸುಮ್ಮನಿರಬೇಡಿ, ಕತ್ತಿ ಅಡಗಿಸಿಡಿ.

ನಾಲ್ಕನೆಯದು, ಒಬ್ಬರೇ ಇದ್ದಾಗ ಮರ ಹತ್ತಬೇಡಿ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಕೂರಿಸಬೇಡಿ, ನೀರು ಕುಡಿಸಬೇಡಿ. ಬೆನ್ನುಮೂಳೆ ಮುರಿದಿದ್ದರೆ ಹಾಗೆ ಎತ್ತುವಾಗಲೇ ಹುರಿಗೆ ಪೆಟ್ಟಾಗುವುದುಂಟು. ಉಸಿರಾಡುತ್ತಿದ್ದರೆ ಇದ್ದ ಹಾಗೆಯೇ ತಲೆ, ಕುತ್ತಿಗೆ ಅಲುಗದಂತೆ ಹಿಡಿದುಕೊಂಡು 108ಕ್ಕೆ ಫೋನ್ ಮಾಡಿ. ಸಾಗಿಸಲೇಬೇಕಾದರೆ ನಾಲ್ಕೈದು ಮಂದಿ ಸೇರಿ ಮೈಯನ್ನು ಮರದ ದಿಮ್ಮಿಯಂತೆ ನೇರವಾಗಿಯೇ ಎತ್ತಿ ಹಲಗೆಯ ಮೇಲೆ ಮಲಗಿಸಿ ಕಟ್ಟಿ. ನಮ್ಮ ಆ ಗೆಳೆಯರನ್ನು ಅಂದು ಇಬ್ಬರು ಎತ್ತಿ ಜೀಪಿನ ಸೀಟಿನಲ್ಲಿ ಕೂರಿಸಿದ್ದರು. ಪ್ರೀತಿಯಿಂದಲೇ ಮಾಡಿದ್ದು. ತಿಳಿದಿರಲಿಲ್ಲ ಅಷ್ಟೆ. ಆ ಗುಂಪಿನಲ್ಲಿ ನಾವಿದ್ದರೂ ಹಾಗೆಯೇ ಮಾಡುತ್ತಿದ್ದೆವು.

ಕೊನೆಯದಾಗಿ

ಈ ಬರಹವನ್ನು ಓದಿಯೇ ಯಾರೂ ಮರ ಹತ್ತಬೇಡಿ. ಗಂಟನ್ನು ಬಲ್ಲವರ ಎದುರು ಕಟ್ಟಿ ಕಲಿಯಬೇಕು, ಎರಡಡಿ ಎತ್ತರದಲ್ಲಿ ಪಳಗಬೇಕು. ನಮ್ಮಲ್ಲಿ ಕಲಿತವರಲ್ಲಿ ಐವರು ಈಗ ಇತರರಿಗೆ ತೋರಿಸಿಕೊಡುವಷ್ಟು ಪಳಗಿದ್ದಾರೆ. ಮುಖ್ಯ ಹಗ್ಗ, ಎರಡು ಹಾರ್ನೆಸ್, ಹೆಲ್ಮೆಟ್‌ಗಳನ್ನು ಇಗರ್ಜಿಯ ಸಭಾಭವನದ ಕಪಾಟಿನಲ್ಲಿ ಇಟ್ಟಿದ್ದೇವೆ. ಕಲಿತವರು ಪುಸ್ತಕದಲ್ಲಿ ಬರೆದು ಕೊಂಡುಹೋಗಬಹುದು. ಕಲಿಯದವರಿಗೆ ಎಷ್ಟು ಕೇಳಿದರೂ ಕೊಡುವುದಿಲ್ಲ.

ದಾರದ ಬಳೆಗಳು ಮಾತ್ರ ಕಪಾಟಿನಲ್ಲಿಲ್ಲ. ಅವು ಆ ಗೆಳೆಯರ ಮನೆಯಲ್ಲಿವೆ. ಅವರು ಜಗಲಿಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು ದಾರ ಅಳೆದು, ಜೋಡಿ ಗಂಟು ಹಾಕಿ, ತುದಿ ಮೂರು ಇಂಚು ಇದೆಯೇ ಎಂದು ನೋಡಿ ಕೊಡುತ್ತಾರೆ. ಮರ ಹತ್ತುವವರು ಹೋಗುವ ಮೊದಲು ಅವರ ಮನೆಯ ಕಂಬಕ್ಕೆ ಹಗ್ಗ ಹಾಕಿ ಗಂಟು ಕಟ್ಟಿ ತೋರಿಸಬೇಕು. ಸುತ್ತು ಒಂದರ ಮೇಲೊಂದು ಹತ್ತಿದ್ದರೆ "ಬಿಚ್ಚು, ಇಲ್ಲೇ ಬಿಚ್ಚು. ಮೇಲೆ ಹೋಗಿ ಬಿಚ್ಚಬಾರದು" ಎನ್ನುತ್ತಾರೆ. ಕಳೆದ ವಾರ ಅವರ ಮಗ ಮೊದಲ ಸಲ ಮನೆಯ ಹಲಸಿನ ಮರ ಹತ್ತಿ ಮಾಡಿನ ಮೇಲಿನ ಗೆಲ್ಲನ್ನು ಕಡಿದು ಇಳಿದ. ಅವನು ನೆಲಕ್ಕೆ ಕಾಲಿಡುವವರೆಗೂ ತಂದೆ ಕತ್ತೆತ್ತಿ ಗಂಟನ್ನೇ ನೋಡುತ್ತಿದ್ದರು.